ಸಹಾಯ ಬೇಕು: ಮುಂಗಡ ಪಡೆದು ಕೈತೋಟ ಅರ್ಧಕ್ಕೆ ಬಿಟ್ಟ ಗುತ್ತಿಗೆದಾರ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿರುವ ನಮ್ಮ ಮನೆಯ ಮುಂದಿನ ಸುಮಾರು 600 ಚದರಡಿ ಜಾಗದಲ್ಲಿ ಹುಲ್ಲುಹಾಸು, ಕಲ್ಲುಹಾಸಿನ ದಾರಿ ಮತ್ತು ಹನಿ ನೀರಾವರಿ ಮಾಡಿಸಲು ಒಬ್ಬರಿಗೆ 1,80,000 ರೂಪಾಯಿಗೆ ಗುತ್ತಿಗೆ ಕೊಟ್ಟೆವು. ಇದುವರೆಗೆ 1,10,000 ಪಾವತಿಸಿದ್ದೇವೆ. ಆರು ವಾರದಲ್ಲಿ ಮುಗಿಯಬೇಕಿದ್ದ ಕೆಲಸ ನಾಲ್ಕು ತಿಂಗಳಾದರೂ ಅರ್ಧದಲ್ಲೇ ಇದೆ.

ಮೊದಲು ಆಷಾಢ ಎಂದರು, ಆಮೇಲೆ ಆಳು ಸಿಗುತ್ತಿಲ್ಲ ಎಂದರು, ಈಗ ಮಳೆ. ಫೋನ್ ಎತ್ತಿದರೆ ಒಂದೇ ಉತ್ತರ: ‘ನಾಳೆ ಬರುತ್ತೇನೆ ಸಾರ್’. ಹಿಂದೆ ದೆವ್ವ ಓಡಿಸಲು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ನಮ್ಮ ಗೇಟಿನ ಮೇಲೂ ಯಾರೋ ಬರೆದಿರಬೇಕು!

ತಡವನ್ನಾದರೂ ಸಹಿಸಬಹುದು. ಆದರೆ ಕಲ್ಲುಹಾಸಿನ ಇಳಿಜಾರನ್ನು ರಸ್ತೆಯ ಕಡೆಗೆ ಕೊಡುವ ಬದಲು ಮನೆಯ ಕಡೆಗೆ ಕೊಟ್ಟಿದ್ದಾರೆ. ಪ್ರತಿ ಮಳೆಗೂ ಗೋಡೆಯ ಬುಡದಲ್ಲಿ ನೀರು ನಿಂತು, ಒಳಗಿನ ಬಣ್ಣ ಉಬ್ಬುತ್ತಿದೆ. ಕಲ್ಲಿನ ಕೆಳಗೆ ಜಲ್ಲಿಯನ್ನೂ ಹಾಕಿಲ್ಲ, ಬರೀ ಮಣ್ಣು. ಹುಲ್ಲಿಗಿಂತ ಪಾರ್ಥೇನಿಯಂ ಚೆನ್ನಾಗಿ ಬೆಳೆದಿದೆ.

ಬರಹದ ಕರಾರು ಇಲ್ಲ, ತಪ್ಪು ನಮ್ಮದೇ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ದರಪಟ್ಟಿ, ಯುಪಿಐ ಪಾವತಿಯ ದಾಖಲೆ ಮತ್ತು ಫೋಟೊಗಳಿವೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ ಎಂದು ಗೊತ್ತು. ಇಷ್ಟೇ ದಾಖಲೆ ಇಟ್ಟುಕೊಂಡು ಹೋಗಿ ಬಂದವರು ಇದ್ದೀರಾ? ವಕೀಲರ ನೋಟಿಸ್ ಕಳಿಸಿದ ಮೇಲೆ ಕೆಲಸಕ್ಕೆ ಮರಳಿದ ಗುತ್ತಿಗೆದಾರರನ್ನು ಕಂಡಿದ್ದೀರಾ? ಗೋಡೆ ಉಳಿಸಲು ಬೇರೆಯವರಿಂದ ಈಗಲೇ ಕಲ್ಲು ಕೀಳಿಸಿದರೆ ಸಾಕ್ಷ್ಯ ಹೋಗುತ್ತದೆಯೇ? ಈ ಕೊನೆಯ ಪ್ರಶ್ನೆಗೆ ದಯವಿಟ್ಟು ಬೇಗ ಉತ್ತರಿಸಿ, ಮೋಡ ಮತ್ತೆ ಕವಿಯುತ್ತಿದೆ.