ಕಾಗದದ ಹೂವಿನ ಬಣ್ಣದ ಭಾಗ ದಳವೋ, ಎಲೆಯೋ?

ಹಳ್ಳಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಕಳೆದ ವಾರ ಹೂವಿನ ಭಾಗಗಳ ಪಾಠ ಇತ್ತು. ಮನೆಯಿಂದ ಒಂದೊಂದು ಹೂ ತನ್ನಿ ಅಂದಿದ್ದೆ. ಪುಸ್ತಕದಲ್ಲಿ ಇರುವುದು ಹೊರಗೆ ಹಸಿರು ಪುಷ್ಪಪತ್ರ, ಒಳಗೆ ಬಣ್ಣದ ದಳ, ಅಷ್ಟೇ.

ಮೂರು ಕಡೆ ಸಿಕ್ಕಿಬಿದ್ದೆ. ಒಬ್ಬಳು ದಾಸವಾಳ ತಂದು, "ಟೀಚರ್, ಇಲ್ಲಿ ಹಸಿರು ಎರಡು ಸುತ್ತು ಇದೆ" ಅಂದಳು. ನೋಡಿದರೆ ನಿಜ. ಒಬ್ಬ ಹುಡುಗ ಶಾಲೆಯ ಕಾಂಪೌಂಡಿನಿಂದ ಕಾಗದದ ಹೂ ಕಿತ್ತು ತಂದಿದ್ದ. ಅದನ್ನು ಬಿಡಿಸಿ, "ಇದರೊಳಗೆ ಇನ್ನೊಂದು ಹೂ ಇದೆ" ಅಂತ ತೋರಿಸಿದ. ಚೆಂಡುಹೂವಿನ ಕೆಳಗಿನ ಹಸಿರು ಬಟ್ಟಲನ್ನು ನಾನೇ ಪುಷ್ಪಪತ್ರ ಎಂದು ಬೋರ್ಡಿನ ಮೇಲೆ ಬರೆದೆ. ಆಮೇಲೆ ಅದು ತಪ್ಪೇನೋ ಅನ್ನಿಸಿ ರಾತ್ರಿ ನಿದ್ದೆ ಬರಲಿಲ್ಲ. ಇವಕ್ಕೆಲ್ಲ ಸರಿಯಾದ ಹೆಸರೇನು? ಮಕ್ಕಳಿಗೆ ಹೇಗೆ ಹೇಳಲಿ?

ನರ್ಸರಿ ಮಂಜು

ಮೇಡಂ, ಕಾಗದದ ಹೂವಿನ ಬಣ್ಣದ ಭಾಗಕ್ಕೆ ಬ್ರ್ಯಾಕ್ಟ್ ಅಂತಾರೆ. ದಳ ಅಲ್ಲ, ಎಲೆಯೇ. ನಿಮ್ಮ ಹುಡುಗ ಸರಿಯಾಗಿ ನೋಡಿದ್ದಾನೆ. ಮೂರು ಬಣ್ಣದ ಎಲೆ, ಒಂದೊಂದಕ್ಕೂ ಒಂದೊಂದು ಕಡ್ಡಿಯಂಥ ಹೂ ಅಂಟಿಕೊಂಡಿರುತ್ತದೆ. ತುದಿಯಲ್ಲಿ ಬಿಳಿ ನಕ್ಷತ್ರದ ಹಾಗೆ ಬಿರಿಯುತ್ತದಲ್ಲ, ಅದೇ ನಿಜವಾದ ಹೂ. ಗಿಡ ದಕ್ಷಿಣ ಅಮೆರಿಕದ್ದು. 1767ರಲ್ಲಿ ಕಾಮರ್ಸನ್ ಎಂಬ ಫ್ರೆಂಚ್ ಸಸ್ಯತಜ್ಞ ರಿಯೋ ಡಿ ಜನೈರೋದಲ್ಲಿ ಕಂಡು, ತಮ್ಮ ಯಾನದ ಮುಖ್ಯಸ್ಥ ಬೋಗನ್‌ವಿಲ್ ಹೆಸರಿಟ್ಟರು. ಕ್ರಿಸ್‌ಮಸ್ ಹೊತ್ತಿಗೆ ಜಾಸ್ತಿ ಮಾರಾಟವಾಗುವ ಪಾಯಿನ್‌ಸೆಟಿಯಾದ ಕೆಂಪೂ ಹೀಗೇ ಬ್ರ್ಯಾಕ್ಟ್.

ನಿವೃತ್ತ ಮೇಷ್ಟ್ರು

ಟೀಚರಮ್ಮ, ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿದವನು ನಾನು. ನಿಮ್ಮ ಮಕ್ಕಳ ಮೂರು ಪ್ರಶ್ನೆಯೂ ನನಗೆ ತುಂಬ ಇಷ್ಟವಾದವು.

ಮೊದಲು ಒಂದು ಮಾತು. ಬಣ್ಣ ನೋಡಿ ಹೆಸರು ಹೇಳಬಾರದು. ಎಲ್ಲಿಂದ ಹುಟ್ಟಿದೆ ಅಂತ ನೋಡಬೇಕು. ಯಾವ ಎಲೆಯ ಕಂಕುಳಲ್ಲಿ ಹೂ ಅಥವಾ ಹೂಗೊಂಚಲು ಹುಟ್ಟುತ್ತದೋ ಆ ಎಲೆ ಬ್ರ್ಯಾಕ್ಟ್. ಅದು ಹೂವಿನ ಹೊರಗಿನದು. ಪುಷ್ಪಪತ್ರ ಹೂವಿನದೇ ಅಂಗ, ಹೂ ಕೂರುವ ಪೀಠದ ಮೇಲೇ ಇರುತ್ತದೆ. ಲ್ಯಾಟಿನ್‌ನಲ್ಲಿ ಬ್ರಾಕ್ಟಿಯಾ ಎಂದರೆ ಲೋಹದ ತೆಳು ತಗಡು. ಅಕ್ಕಸಾಲಿಯ ಚಿನ್ನದ ರೇಕು ನೆನೆಸಿಕೊಳ್ಳಿ.

ದಾಸವಾಳದಲ್ಲಿ ಒಳಗಿನ ಹಸಿರು ಬಟ್ಟಲು ಪುಷ್ಪಪತ್ರಗಳದ್ದು, ಐದು ಕೂಡಿಕೊಂಡಿರುತ್ತವೆ. ಅದರ ಕೆಳಗೆ ಆರೇಳು ಸಪೂರ ಹಸಿರು ಕಡ್ಡಿಗಳು ಕಾಣುತ್ತವಲ್ಲ, ಅವು ಸಣ್ಣ ಬ್ರ್ಯಾಕ್ಟುಗಳು. ಆ ಸುತ್ತಿಗೆ ಎಪಿಕ್ಯಾಲಿಕ್ಸ್ ಎಂದು ಹೆಸರು. ಹತ್ತಿ ಗಿಡ ಹತ್ತಿರದಲ್ಲಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಹತ್ತಿಯೂ ದಾಸವಾಳದ ಬಳಗವೇ. ಅಲ್ಲಿ ಇದೇ ಸುತ್ತು ಮೂರು ಅಗಲ ಎಲೆಗಳಾಗಿ, ಅಂಚು ಸೀಳಿಕೊಂಡು, ಮೊಗ್ಗನ್ನು ಪೂರ್ತಿ ಅಪ್ಪಿಕೊಂಡಿರುತ್ತದೆ.

ಚೆಂಡುಹೂವಿನ ವಿಷಯಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ತುಂಬ ಜನ ಅಲ್ಲೇ ಎಡವುತ್ತಾರೆ. ಒಂದು ಚೆಂಡುಹೂ ಎಂದರೆ ಒಂದು ಹೂವಲ್ಲ, ಹೂಗಳ ಸಂತೆ. ಹಸಿರು ಬಟ್ಟಲು ಆ ಇಡೀ ಸಂತೆಯನ್ನು ಸುತ್ತಿದ ಬ್ರ್ಯಾಕ್ಟುಗಳದ್ದು. ಅದಕ್ಕೆ ಇನ್‌ವಾಲ್ಯೂಕರ್ ಅನ್ನುತ್ತಾರೆ. ಬೆಳಕಿಗೆ ಹಿಡಿದರೆ ಅದರಲ್ಲಿ ಎಣ್ಣೆಯ ಚುಕ್ಕಿಗಳು ಕಾಣುತ್ತವೆ. ಚೆಂಡುಹೂವಿನ ಘಾಟು ವಾಸನೆ ಇಂಥ ಚುಕ್ಕಿಗಳದೇ. ಹಾಗಾದರೆ ಪುಷ್ಪಪತ್ರ ಎಲ್ಲಿ ಹೋಯಿತು? ಬೀಜಕ್ಕೆ ಇಟ್ಟ ಒಣ ಹೂ ಬಿಡಿಸಿ. ಕಪ್ಪು ಸೂಜಿಯಂಥ ಬೀಜದ ತಲೆಯ ಮೇಲೆ ಒಣಹುಲ್ಲಿನ ಬಣ್ಣದ ಹೊಟ್ಟು ಇರುತ್ತದೆ. ಅದೇ ಒಂದೊಂದು ಪುಟ್ಟ ಹೂವಿನ ಪುಷ್ಪಪತ್ರದ ಜಾಗದಲ್ಲಿ ಉಳಿದಿರುವುದು.

ಬಣ್ಣ ನಂಬಿ ಮೋಸ ಹೋಗುವುದಕ್ಕೆ ಇನ್ನೊಂದು ಗಿಡ ಮುಸ್ಸಾಂಡ. ಹಳದಿ ಪುಟ್ಟ ಹೂವಿನ ಪಕ್ಕದಲ್ಲಿ ಬಿಳಿ ಎಲೆ. ಕಾಗದದ ಹೂವಿನ ಹಾಗೇ ಬ್ರ್ಯಾಕ್ಟ್ ಅನ್ನಿಸುತ್ತದೆ ಅಲ್ವಾ? ಅಲ್ಲ. ಅದರ ಬುಡ ಹುಡುಕಿ. ಹೂವಿನ ಐದು ಪುಷ್ಪಪತ್ರಗಳಲ್ಲಿ ಒಂದೇ ಒಂದು ಉಬ್ಬಿ ಎಲೆಯಷ್ಟು ದೊಡ್ಡದಾಗಿರುತ್ತದೆ, ಉಳಿದ ನಾಲ್ಕು ಎಳೆಯ ಹಾಗೆ ಸಣ್ಣಗೇ ಇರುತ್ತವೆ.

ಇನ್ನು ಕೇದಗೆ. ನಮ್ಮ ಅಜ್ಜಿ ನಾಗರಪಂಚಮಿಗೆ ಕೇದಗೆ ತರಿಸಿ, ಅಂಚಿನ ಮುಳ್ಳನ್ನು ಉಗುರಿನಿಂದ ಎಳೆದು ತೆಗೆದು, ಮಡಿಸಿ ಅಕ್ಕಂದಿರ ಜಡೆಗೆ ಮುಡಿಸುತ್ತಿದ್ದರು. ಮಿಕ್ಕದ್ದು ಸೀರೆ ಟ್ರಂಕಿಗೆ. ನಾವು ಕೇದಗೆಯ ಎಸಳು ಅನ್ನುವ ಆ ಘಮಘಮ ಹಾಳೆಗಳೆಲ್ಲ ಬ್ರ್ಯಾಕ್ಟುಗಳೇ. ನಿಜವಾದ ಗಂಡು ಹೂಗಳು ಒಳಗೆ ಹಿಟ್ಟಿನ ಹಾಗೆ ಉದುರುವ ಗೊಂಚಲು. ದಳವೇ ಇಲ್ಲದ ಹೂವಿಗೆ ಇಷ್ಟು ಪರಿಮಳದ ಹೊದಿಕೆ! ನನಗೆ ಇದು ಗೊತ್ತಾದದ್ದು ಬಿ.ಎಸ್ಸಿ.ಯಲ್ಲಿ, ಆ ದಿನ ಅಜ್ಜಿಗೆ ಕಾಗದ ಬರೆದಿದ್ದೆ.

ತೋಟದ ಮನೆ

ಮೇಷ್ಟ್ರೇ, ಹಾಗಾದರೆ ಅಡಿಕೆ ಹಾಳೆಯೂ ಬ್ರ್ಯಾಕ್ಟಾ? ಹಿಂಗಾರ ಅದರ ಒಳಗಿಂದಲೇ ಬರುವುದು.

ನಿವೃತ್ತ ಮೇಷ್ಟ್ರು

ಅಲ್ಲ. ಊಟದ ತಟ್ಟೆ ಮಾಡುವ ಹಾಳೆ ಸೋಗೆಯದೇ ಬುಡ, ಅಂದರೆ ಮಾಮೂಲಿ ಎಲೆಯ ಭಾಗ. ಸೋಗೆ ಹಾಳೆ ಸಮೇತ ಕಳಚಿ ಬಿದ್ದ ಮೇಲೆ ಮರಕ್ಕೆ ಅಂಟಿಕೊಂಡ, ದೋಣಿಯಂಥ ನುಣುಪು ಹೊದಿಕೆ ಕಾಣುತ್ತದೆ ನೋಡಿ. ಅದು ಸೀಳಿದರೆ ಹಿಂಗಾರ. ಆ ಹೊದಿಕೆ ಬ್ರ್ಯಾಕ್ಟ್. ಹೂಗೊಂಚಲನ್ನು ಇಡಿಯಾಗಿ ಮುಚ್ಚುವ ಇಂಥ ದೊಡ್ಡ ಬ್ರ್ಯಾಕ್ಟಿಗೆ ಸ್ಪೇತ್ ಎಂದು ಹೆಸರು. ತೆಂಗಿನಲ್ಲಿ ಅದು ಮರದಷ್ಟು ಗಟ್ಟಿ, ಬಚ್ಚಲೊಲೆಗೆ ಹಾಕುತ್ತೇವಲ್ಲ. ಆಂಥೂರಿಯಂನ ಕೆಂಪು ಎಲೆಯೂ ಸ್ಪೇತೇ.

ಹಳ್ಳಿ ಟೀಚರ್

ಮೇಷ್ಟ್ರೇ, ಮಂಜು ಅವರೇ, ತುಂಬ ಉಪಕಾರ ಆಯ್ತು. ಇವತ್ತು ಬೋರ್ಡಿನ ಮೇಲೆ ನಾನು ಬರೆದಿದ್ದನ್ನು ತಿದ್ದಿದೆ. ಒಂದು ಬಾಳೆ ಮೂತಿ ತಗೊಂಡು ಹೋಗಿದ್ದೆ. ಒಂದೊಂದೇ ಕೆನ್ನೀಲಿ ಸಿಪ್ಪೆ ಎತ್ತಿದ ಹಾಗೆ ಕೆಳಗೆ ಎರಡು ಸಾಲು ಹೂ. "ಟೀಚರ್, ಇದು ಬ್ರ್ಯಾಕ್ಟ್, ಕಂಕುಳಲ್ಲಿ ಹೂ ಇದೆ" ಅಂತ ಮಕ್ಕಳೇ ಹೇಳಿದರು. ಸಿಪ್ಪೆ ಕಳಚಿದ ಕಡೆ ದಿಂಡಿನ ಮೇಲೆ ಗೆರೆ ಉಳಿದಿದ್ದನ್ನೂ ಒಬ್ಬಳು ಬೆರಳಿಟ್ಟು ತೋರಿಸಿದಳು. ಈಗ ಹೊಸ ಪ್ರಶ್ನೆ: ಬಾಳೆಯ ಒಂದೊಂದು ಹೂವಿನಲ್ಲಿ ಪುಷ್ಪಪತ್ರ ಯಾವುದು?

ನಿವೃತ್ತ ಮೇಷ್ಟ್ರು

ಬಾಳೆಯಲ್ಲಿ ಪುಷ್ಪಪತ್ರ, ದಳ ಎಂದು ನೋಡಿದ ತಕ್ಷಣ ಬೇರೆ ಮಾಡಲು ಆಗುವುದಿಲ್ಲ. ಒಟ್ಟು ಆರು. ಐದು ಕೂಡಿಕೊಂಡು ಒಂದು ಹಾಳೆ, ತುದಿಯಲ್ಲಿ ಐದು ಹಲ್ಲು ಇರುತ್ತವೆ, ಎಣಿಸಲಿ. ಆರನೆಯದು ಒಂಟಿ, ಗಾಜಿನಂತೆ ತೆಳ್ಳಗೆ ಇರುತ್ತದೆ. ಪಲ್ಯಕ್ಕೆ ಹೂ ಬಿಡಿಸುವಾಗ ಗಟ್ಟಿ ಕಡ್ಡಿಯ ಜೊತೆ ಕಿತ್ತು ಬಿಸಾಡುತ್ತೇವಲ್ಲ, ಆ ಪುಟ್ಟ ಪೊರೆಯೇ ಅದು.