ಈಟಿಯ ಕೋಲಿಗೆ ಯಾವ ಮರ? ಬಳಸಿ ತಿಳಿದವರು ಹೇಳಿ

ಲೀಡ್ಸ್‌ನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹನ್ನೊಂದನೆಯ ಶತಮಾನದ ಇಂಗ್ಲೆಂಡಿನ ಬದುಕನ್ನೂ ಕಾಳಗವನ್ನೂ ಮರುಸೃಷ್ಟಿಸುವ ತಂಡವೊಂದನ್ನು ಈ ವರ್ಷ ಸೇರಿದ್ದೇನೆ. ಇಷ್ಟು ದಿನ ತಂಡದ ಈಟಿಯಲ್ಲೇ ಅಭ್ಯಾಸ ಮಾಡಿದೆ, ಇನ್ನು ಸ್ವಂತದ್ದು ಬೇಕು. ಮೊಂಡು ಉಕ್ಕಿನ ಅಲಗನ್ನು ಕಮ್ಮಾರರೊಬ್ಬರು ಮಾಡಿಕೊಡುತ್ತಾರೆ. ಗೊಂದಲ ಇರುವುದು ಕೋಲಿನ ವಿಷಯದಲ್ಲಿ. ತಂಡದವರು ಆ್ಯಶ್ ಎಂಬ ಇಲ್ಲಿನ ಗಟ್ಟಿ ಮರವೇ ಆಗಬೇಕು ಎನ್ನುತ್ತಾರೆ. ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೂ ಇಂಥದ್ದೇ ಹವ್ಯಾಸ. ಅವನು ಬೆತ್ತ ಇಲ್ಲವೇ ಫೈಬರ್‌ಗ್ಲಾಸ್ ಬಿಟ್ಟು ಬೇರೆಯದನ್ನು ಮುಟ್ಟಬೇಡ ಎನ್ನುತ್ತಾನೆ. ಇಲ್ಲಿನ ತೋಟಗಾರಿಕೆ ಅಂಗಡಿಯಲ್ಲಿ ದಪ್ಪ ಬಿದಿರು ಅಗ್ಗಕ್ಕೆ ಸಿಗುತ್ತದೆ. ಯಾವುದನ್ನು ಕೊಳ್ಳಲಿ?

ನಾಟಿಂಗ್‌ಹ್ಯಾಮ್‌ನಿಂದ ಉತ್ತರ

ನಿಮ್ಮ ತಮ್ಮನ ಮಾತೂ ನಿಜ, ತಂಡದವರ ಮಾತೂ ನಿಜ, ಏಕೆಂದರೆ ಇಬ್ಬರ ಕಾಳಗದ ನಿಯಮಗಳೇ ಬೇರೆ. ಅವರದನ್ನು ಅಮೆರಿಕದವರೇ ವಿವರಿಸಲಿ. ಉಕ್ಕಿನ ಅಲಗಿನ ಈಟಿಯ ಬಗ್ಗೆ ನಾನು ಹೇಳುತ್ತೇನೆ.

ಕೋಲು ಎಷ್ಟು ಗಟ್ಟಿ ಎಂದು ಎಲ್ಲರೂ ಕೇಳುತ್ತಾರೆ. ಅದು ಮುರಿದಾಗ ಏನಾಗುತ್ತದೆ ಎಂಬುದನ್ನು ಮೊದಲು ಕೇಳಬೇಕು. ಕೊಡಲಿಯ ಏಟು ಬಿದ್ದು, ಎರಡು ಗುರಾಣಿಗಳ ನಡುವೆ ಸಿಕ್ಕಿಕೊಂಡು, ಬಿದ್ದವನ ಮೈಕೆಳಗೆ ಒತ್ತಿಹೋಗಿ, ಕೋಲುಗಳು ಮುರಿದೇ ಮುರಿಯುತ್ತವೆ. ಆಗ ಎದುರಾಳಿಯ ಮುಖದ ಹತ್ತಿರ ಉಳಿಯುವುದು ಮೊಂಡಾದ ತುಂಡೋ, ಕತ್ತಿಯಂಥ ಸೀಳೋ ಎಂಬುದೇ ಮುಖ್ಯ.

ಆದ್ದರಿಂದ ಬಿದಿರನ್ನು ಈಗಲೇ ಕೈಬಿಡಿ. ಬಿದಿರು ಉದ್ದುದ್ದಕ್ಕೆ ಸೀಳುತ್ತದೆ, ಆ ಸೀಳಿನ ಅಂಚು ಚರ್ಮವನ್ನು ಕೊಯ್ಯುವಷ್ಟು ಹರಿತ. ಒಳಗೆ ಟೊಳ್ಳಾದ್ದರಿಂದ ಅಲಗಿನ ಬುಡದ ಕೊಳವೆ ಕೋಲಿನ ತುದಿಯ ಮೇಲೆ ಕೂರುವ ಜಾಗದಲ್ಲಿ ಅದುಮಿ ಬಿರುಕು ಬಿಡುವುದೂ ಉಂಟು.

ಆ್ಯಶ್ ಮರ ಹಾಗಲ್ಲ. ಹೊಡೆತವನ್ನು ನುಂಗಿಕೊಳ್ಳುವ ಗುಣಕ್ಕಾಗಿಯೇ ಕ್ರಿಕೆಟ್ ಸ್ಟಂಪ್‌ಗೂ ಗುದ್ದಲಿ, ಸಲಿಕೆಗಳ ಕಾವಿಗೂ ಇದನ್ನು ಬಳಸುತ್ತಾರೆ. ಆಂಗ್ಲೋ-ಸ್ಯಾಕ್ಸನ್ ಸಮಾಧಿಗಳಲ್ಲಿ ಸಿಕ್ಕ ಈಟಿಗಳ ಕೊಳವೆಯೊಳಗೆ ಉಳಿದ ಮರದ ಚೂರುಗಳಲ್ಲೂ ಆ್ಯಶ್ ಮತ್ತು ಹೇಜಲ್ ಎಂಬ ಇನ್ನೊಂದು ಮರ ಕಾಣಸಿಗುತ್ತವೆ. ಹಾಗಾಗಿ ನಿಮ್ಮ ಕಾಲಮಾನಕ್ಕೂ ಒಪ್ಪುತ್ತದೆ. ಆದರೆ ಆ್ಯಶ್ ಎಂಬ ಹೆಸರು ನೋಡಿ ಹಣ ಕೊಡಬೇಡಿ. ಎಳೆ, ಅಂದರೆ ಮರದ ನಾರು ಸಾಗುವ ಗೆರೆ, ಕೆಟ್ಟದಾಗಿರುವ ಆ್ಯಶ್ ಕೋಲು ಓರೆಯಾಗಿ ಸೀಳಿ, ಮೊಳದುದ್ದದ ಚೂಪನ್ನು ಬಿಟ್ಟು ಮುರಿಯುತ್ತದೆ.

ಮರದ ಮಂಡಿಗೆ ನೀವೇ ಹೋಗಿ. ಕೋಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ನಿಧಾನವಾಗಿ ತಿರುಗಿಸುತ್ತಾ ಉದ್ದಕ್ಕೂ ನೋಡಿ. ಒಂದು ಎಳೆಯನ್ನು ಬೆರಳಿನಿಂದ ಹಿಂಬಾಲಿಸಿ. ಅದು ಕೋಲಿನ ಒಂದು ಬದಿಯಿಂದ ಹೊರಟು ಮೊಳದೊಳಗೇ ಇನ್ನೊಂದು ಬದಿಗೆ ದಾಟಿದರೆ ಆ ಕೋಲನ್ನು ಕೆಳಗಿಡಿ. ತುದಿಯಿಂದ ತುದಿಗೆ ಕೋಲಿನ ಜೊತೆಗೇ ಸಾಗುವ ಎಳೆ ಬೇಕು. ಅಲಗಿನ ಕಡೆಯ ಎರಡು ಅಡಿಗಳಲ್ಲಿ ಗಂಟು ಇರಲೇಬಾರದು. ಕೋಲಿನ ತುದಿಯಲ್ಲಿ ಕಾಣುವ, ಮರದ ವರ್ಷವರ್ಷದ ಬೆಳವಣಿಗೆಯ ಉಂಗುರಗಳು ತೀರಾ ಒತ್ತೊತ್ತಾಗಿದ್ದರೆ ಅದನ್ನು ಗಟ್ಟಿತನದ ಗುರುತು ಎಂದು ತಿಳಿಯಬೇಡಿ. ಈ ಮರ ಪ್ರತಿ ವಸಂತದಲ್ಲೂ ದೊಡ್ಡ ರಂಧ್ರಗಳ ಪಟ್ಟಿಯೊಂದನ್ನು ಬೆಳೆಸುತ್ತದೆ. ತೀರಾ ನಿಧಾನವಾಗಿ ಬೆಳೆದ ಮರದಲ್ಲಿ ಆ ಪಟ್ಟಿಗಳೇ ಹೆಚ್ಚು, ಅವುಗಳ ನಡುವಿನ ಗಟ್ಟಿ ಭಾಗ ಕಡಿಮೆ. ಕೊನೆಗೆ ಕೋಲಿನ ಬುಡವನ್ನು ಕಾಂಕ್ರೀಟ್ ನೆಲಕ್ಕೆ ಮೆಲ್ಲಗೆ ಕುಟ್ಟಿ. ಠಣ್ಣೆಂದರೆ ಸರಿ, ಮಂದ ಸದ್ದು ಬಂದರೆ ಒಳಗೆಲ್ಲೋ ಬಿರುಕಿದೆಯೆಂದು ಅನುಮಾನಿಸಬೇಕು.

ಇನ್ನೊಂದು ಎಚ್ಚರಿಕೆ. ಆ್ಯಶ್ ಮರಗಳನ್ನು ಸಾಯಿಸುವ ಶಿಲೀಂಧ್ರ ರೋಗ 1992ರಲ್ಲಿ ಪೋಲೆಂಡಿನಲ್ಲಿ ಕಾಣಿಸಿಕೊಂಡು, 2012ರಲ್ಲಿ ಬ್ರಿಟನ್ನಿನಲ್ಲೂ ಪತ್ತೆಯಾಯಿತು. ರೋಗ ಬಲಿತ ಮರ ಪೆಡಸಾಗುತ್ತದೆ. ದಾರಿಬದಿಯಲ್ಲಿ ಒಣಗಿ ನಿಂತ ಮರದ ಕೊಂಬೆ ಉಚಿತವಾಗಿ ಸಿಕ್ಕಿತೆಂದು ಈಟಿ ಮಾಡಿಕೊಳ್ಳಬೇಡಿ.

ಅಳತೆಯ ಮಾತು. ಗುರಾಣಿಯ ಜೊತೆ ಒಂದೇ ಕೈಯಲ್ಲಿ ಹಿಡಿಯುವುದಾದರೆ ಆರೇಳು ಅಡಿ ಉದ್ದ, 25ರಿಂದ 28 ಮಿಲಿಮೀಟರ್ ದಪ್ಪ ಸಾಕು. ಎರಡು ಕೈಯ ಈಟಿಗೆ ಎಂಟು ಅಡಿ ಉದ್ದ, 30 ಮಿಲಿಮೀಟರ್ ದಪ್ಪ ಇರಲಿ. ಆ ಅಳತೆಯ ಆ್ಯಶ್ ಕೋಲೇ ಸುಮಾರು 1.2 ಕಿಲೋ ತೂಗುತ್ತದೆ. ಮುಂದೆ ಅಲಗು ಸೇರಿದ ಮೇಲೆ ಸಂಜೆಯ ಹೊತ್ತಿಗೆ ಹೆಗಲು ಅದರ ಲೆಕ್ಕ ಕೇಳುತ್ತದೆ. ಗಟ್ಟಿಯಾಗಿರಲಿ ಎಂದು ದಪ್ಪ ಹೆಚ್ಚಿಸುವವರು ಇದನ್ನು ಮರೆಯುತ್ತಾರೆ. ದಣಿದ ಕೈಗೆ ತಿವಿತವನ್ನು ತಡೆದು ನಿಲ್ಲಿಸಲು ಆಗುವುದಿಲ್ಲ.

ಪೆನ್ಸಿಲ್ವೇನಿಯಾದಿಂದ ಉತ್ತರ

ನಿಮ್ಮ ತಮ್ಮ ಹೇಳುತ್ತಿರುವುದು 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶುರುವಾದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಎಂಬ ಮಧ್ಯಯುಗ ಮರುಸೃಷ್ಟಿಯ ಸಂಘದ ಕಾಳಗದ ಬಗ್ಗೆ ಎಂದು ಕಾಣುತ್ತದೆ. ನಾನೂ ಅದರಲ್ಲಿದ್ದೇನೆ. ಇಲ್ಲಿ ಕವಚ, ಶಿರಸ್ತ್ರಾಣ ತೊಟ್ಟು ಪೂರ್ಣ ಬಲದಿಂದಲೇ ಹೊಡೆಯುತ್ತೇವೆ, ತಲೆಗೂ ಹೊಡೆಯುತ್ತೇವೆ. ಆದ್ದರಿಂದ ಆಯುಧದಲ್ಲಿ ಉಕ್ಕಿಗೆ ಜಾಗವಿಲ್ಲ. ಕತ್ತಿ, ಕೊಡಲಿಗಳೆಲ್ಲ ಒಂದೂಕಾಲು ಇಂಚು, ಅಂದರೆ ಸುಮಾರು 32 ಮಿಲಿಮೀಟರ್ ದಪ್ಪದ ಬೆತ್ತದವು. ಬೆತ್ತ ಫಟ್ಟೆಂದು ಮುರಿಯುವುದಿಲ್ಲ. ಏಟು ತಿಂದು ತಿಂದು ನಾರು ಬಿಚ್ಚಿಕೊಂಡು ಮೆತ್ತಗಾಗುತ್ತದೆ. ಬದಲಾಯಿಸುವ ಕಾಲ ಬಂದಿದೆ ಎಂದು ಕೈಗೇ ತಿಳಿಯುತ್ತದೆ.

ಈಟಿಗೆ ಮಾತ್ರ ಬೆತ್ತದಲ್ಲಿ ಒಂದು ತೊಡಕಿದೆ. ಒಂಬತ್ತು ಅಡಿ ಉದ್ದದ ಬೆತ್ತದ ತುದಿ ಜೋತುಬಿದ್ದು ಅಲ್ಲಾಡುತ್ತದೆ. ಗುರಿಯಿಟ್ಟ ಕಡೆ ಹೋಗುವುದಿಲ್ಲ. ನಮ್ಮ ಈಟಿ ತಿವಿಯಲು ಮಾತ್ರ, ಬೀಸಿ ಹೊಡೆಯಲು ಅಲ್ಲ. ಅದಕ್ಕಾಗಿ ಹಗುರವೂ ನೇರವೂ ಆದ ಫೈಬರ್‌ಗ್ಲಾಸ್ ಕೋಲಿಗೆ ಮೆತ್ತನೆಯ ದಪ್ಪ ತುದಿ ಹಾಕಿ ಬಳಸುತ್ತೇವೆ. 1972ರಿಂದ ನಡೆದು ಬಂದಿರುವ, ಪೆನ್ಸಿಕ್ ವಾರ್ ಎಂಬ ನಮ್ಮ ಸಂಘದ ದೊಡ್ಡ ಕಾಳಗದ ಮೇಳದಲ್ಲಿ ಸಾಲುಗಟ್ಟಿ ನಿಂತ ಈಟಿಗಾರರ ಕೈಯಲ್ಲಿ ಇಂಥವನ್ನು ಧಾರಾಳವಾಗಿ ನೋಡಬಹುದು. ಫೈಬರ್‌ಗ್ಲಾಸ್ ಕೊಂಡರೆ ಉದ್ದಕ್ಕೂ ಟೇಪ್ ಸುತ್ತಿ, ಬುಡವನ್ನು ಮುಚ್ಚಿ. ಅದರ ಸಿಬಿರು ಕಣ್ಣಿಗೆ ಕಾಣದಷ್ಟು ಸಣ್ಣದು, ಚರ್ಮದೊಳಗೆ ಹೋದರೆ ದಿನಗಟ್ಟಲೆ ಕಾಡುತ್ತದೆ. ಕೋಲಿನ ಮೇಲೆ ಬಿಳಿಚಿದ ಕಲೆ ಕಂಡರೆ ಒಳಗೆ ಪದರ ಬಿಟ್ಟಿದೆ ಎಂದರ್ಥ, ಅದನ್ನು ಮತ್ತೆ ಅಂಗಳಕ್ಕೆ ತರಬಾರದು.

ಲೀಡ್ಸ್‌ನಲ್ಲಿ ನಿಮಗೆ ಇದು ಬೇಕಾಗಿಲ್ಲ. ನಾಟಿಂಗ್‌ಹ್ಯಾಮ್‌ನವರು ಹೇಳಿದಂತೆ ಮಾಡಿ. ಅಮೆರಿಕದಲ್ಲಿ ಉಕ್ಕಿನ ಅಲಗು ಬಳಸುವ ತಂಡಗಳಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಇಲ್ಲೂ ಆ್ಯಶ್‌ಗೆ ಕುತ್ತು ಬಂದಿದೆ. 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಹಸಿರು ದುಂಬಿಯೊಂದು ಕೋಟ್ಯಂತರ ಮರಗಳನ್ನು ಕೊಂದಿದೆ. ಹಿಕರಿ ಮರ ಒಳ್ಳೆಯ ಬದಲಿ, ಆದರೆ ಆ್ಯಶ್‌ಗಿಂತ ಭಾರ.

ಶಿರಸಿಯಿಂದ

ನಾನು ಕಾಳಗ ಆಡಿದವನಲ್ಲ, ನಮ್ಮದು ಬೆತ್ತ, ಬಿದಿರಿನ ಕೆಲಸದ ಮನೆ. ಬೆತ್ತ ನೋಡಲು ಬಿದಿರಿನ ಹಾಗಿದ್ದರೂ ಅದು ಮರ ಹಬ್ಬುವ ತಾಳೆಯ ಜಾತಿ, ಒಳಗೆ ತುಂಬಿಕೊಂಡಿರುತ್ತದೆ. ಅದಕ್ಕೇ ಬಾಗುತ್ತದೆ, ಏಟಿಗೆ ಬಿದಿರಿನ ಹಾಗೆ ಸೀಳುವುದಿಲ್ಲ. ನಮ್ಮ ಘಟ್ಟದ ಬೆತ್ತ ಬಹುಪಾಲು ಬುಟ್ಟಿ, ಕುರ್ಚಿ ಹೆಣೆಯುವ ದಪ್ಪದ್ದು. ಊರಿನಿಂದ ತರಿಸಿಕೊಳ್ಳೋಣ ಎಂದು ಯಾರೂ ಯೋಚಿಸಬೇಡಿ. ಅದು ಅರಣ್ಯ ಉತ್ಪನ್ನ, ಪರವಾನಗಿ ಇಲ್ಲದೆ ಸಾಗಿಸುವಂತಿಲ್ಲ.

ಲೀಡ್ಸ್‌ನಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಆ್ಯಶ್ ಎಂದು ನಿಶ್ಚಯಿಸಿದೆ. ಅಲಗನ್ನು ಕೂರಿಸುವಾಗ ಏನು ನೋಡಿಕೊಳ್ಳಬೇಕು? ವಾರ್ನಿಷ್ ಹಚ್ಚಬಹುದೇ?

ನಾಟಿಂಗ್‌ಹ್ಯಾಮ್‌ನಿಂದ

ವಾರ್ನಿಷ್ ಬೇಡ. ಬೆವರಿದ ಅಂಗೈಗೆ ಅಂಟಿಕೊಂಡು, ಕೋಲು ಮುಂದಿನ ಕೈಯಲ್ಲಿ ಜಾರುವುದೇ ಇಲ್ಲ. ಉಪ್ಪುಕಾಗದದಿಂದ ನಯ ಮಾಡಿ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಒಣಗಲು ಬಿಟ್ಟು ಮತ್ತೆ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಆ ಮುದ್ದೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಹರಡಿ ಒಣಗಿಸಿ.

ಅಲಗು ಕೂರಿಸುವ ಜಾಗದಲ್ಲೇ ಕೋಲುಗಳು ಹೆಚ್ಚಾಗಿ ಮುರಿಯುವುದು. ಕೊಳವೆಯ ಬಾಯಿ ಎಲ್ಲಿ ಬರುತ್ತದೋ ಅಲ್ಲಿ ಮೆಟ್ಟಿಲಿನಂತೆ ಕೊರೆಯದೆ, ಕೋಲನ್ನು ನಿಧಾನವಾಗಿ ಸಣ್ಣಗಾಗಿಸುತ್ತಾ ಹೋಗಿ. ತುದಿಗೆ ಸೀಮೆಸುಣ್ಣ ಬಳಿದು ಕೊಳವೆಯೊಳಗೆ ತಳ್ಳಿ ಹೊರತೆಗೆದರೆ, ಸುಣ್ಣ ಅಳಿಸಿದ ಕಡೆ ಮರ ತಾಗುತ್ತಿದೆ ಎಂದು ಗೊತ್ತಾಗುತ್ತದೆ. ಅಷ್ಟನ್ನೇ ಹೆರೆಯಿರಿ. ಎಲ್ಲ ಕಡೆಯೂ ಸಮನಾಗಿ ತಾಗುವವರೆಗೆ ಬಿಡಬೇಡಿ. ಈ ಕೆಲಸಕ್ಕೆ ಒಂದು ಮಧ್ಯಾಹ್ನ ಕೊಟ್ಟರೂ ನಷ್ಟವಿಲ್ಲ. ಅಲಗು ಕಳಚದಂತೆ ಕೊಳವೆ, ಕೋಲು ಎರಡನ್ನೂ ತೂರಿ ಹಾಕುವ ಅಡ್ಡ ಮೊಳೆಯ, ಅಂದರೆ ರಿವೆಟ್ಟಿನ, ತೂತು ಚಿಕ್ಕದಾಗಿರಲಿ. ರಿವೆಟ್ಟಿನ ಎರಡು ತಲೆಗಳನ್ನೂ ಕೊಳವೆಯ ಬಾಯಿಯ ಅಂಚನ್ನೂ ಅರದಿಂದ ಉಜ್ಜಿ ದುಂಡಗೆ ಮಾಡಿ. ಅಲಗಿನ ಮೊನೆ ಎಷ್ಟು ಮೊಂಡಾಗಿರಬೇಕು ಎಂಬುದಕ್ಕೆ ನಿಮ್ಮ ತಂಡದ ಅಳತೆಯೇ ಕೊನೆ. ಹಣ ಕೊಡುವ ಮೊದಲೇ ತರಬೇತಿ ಕೊಡುವವರಿಗೆ ತೋರಿಸಿ.

ಯಾರ್ಕ್‌ನಿಂದ

ಒಂದು ಸೇರಿಸುತ್ತೇನೆ. ಪ್ರತಿ ಕಾಳಗಕ್ಕೂ ಮೊದಲು ಹತ್ತಿಯ ಉಂಡೆಯೊಂದನ್ನು ಕೋಲಿನ ಉದ್ದಕ್ಕೂ ಎಳೆಯಿರಿ. ಕಣ್ಣಿಗೆ ಬೀಳದ ಸಿಬಿರಿಗೂ ಹತ್ತಿ ಸಿಕ್ಕಿಕೊಳ್ಳುತ್ತದೆ. ಸಣ್ಣದಾದರೆ ಅಲ್ಲೇ ಉಜ್ಜಿ ನಯಗೊಳಿಸಿ. ಎಳೆಯೇ ಎದ್ದಿದ್ದರೆ ಆ ಈಟಿ ಆ ದಿನ ಗುಡಾರದಲ್ಲೇ ಇರಲಿ, ತಂಡದ್ದನ್ನು ಕೇಳಿ ಪಡೆಯಿರಿ. ಮನೆಯಲ್ಲಿ ಗೋಡೆಗೆ ಒರಗಿಸಿಡಬೇಡಿ, ತಿಂಗಳುಗಳಲ್ಲಿ ಬಾಗುತ್ತದೆ. ಎರಡು ಮೂರು ಮೊಳೆಗಳ ಮೇಲೆ ಅಡ್ಡಲಾಗಿ ಮಲಗಿಸಿ, ಹೀಟರ್‌ನಿಂದ ದೂರವಿರಲಿ.