ಪಶುವೈದ್ಯರಿಗೆ ಕೇಳಿ: ಮರಗೆಣಸಿನ ಎಲೆ ತಿಂದ ಹಸು

ಪ್ರಶ್ನೆ (ಹೊಸನಗರ ಕಡೆಯಿಂದ): ಡಾಕ್ಟ್ರೇ, ಕಳೆದ ತಿಂಗಳು ನಮ್ಮ ಹಸು, ಕಡಸು ಎರಡೂ ಬೇಲಿ ದಾಟಿ ಮರಗೆಣಸಿಗೆ ನುಗ್ಗಿದವು. ಅರ್ಧ ಗಂಟೆಯಲ್ಲಿ ಹಸು ಏದುಸಿರು ಬಿಡುತ್ತಾ, ನಡುಗಿ ಬಿದ್ದು ಸತ್ತಿತು. ಕಡಸು ಉಳಿಯಿತು. ಪೋಸ್ಟ್‌ಮಾರ್ಟಂ ಆಗಿದ್ದು ಮರುದಿನ ಮಧ್ಯಾಹ್ನ. ಈಗ ಲ್ಯಾಬಿನಿಂದ 'ಸೈನೈಡ್ ಸಿಕ್ಕಿಲ್ಲ' ಅಂತ ಬಂದಿದೆ. ಹಾಗಾದ್ರೆ ಸತ್ತಿದ್ದು ಯಾತಕ್ಕೆ? ವಿಮೆ ಬೇರೆ ಇದೆ.

ಉತ್ತರ: ಕೇಳಿ ತುಂಬಾ ಬೇಜಾರಾಯಿತು. 'ಸಿಕ್ಕಿಲ್ಲ' ಅಂದರೆ 'ಇರಲಿಲ್ಲ' ಅಂತ ಅಲ್ಲ. ಮರಗೆಣಸಿನ ಎಲೆ ಅಗಿದು ಹೊಟ್ಟೆಗೆ ಹೋದ ಕೂಡಲೇ ಸೈನೈಡ್ ಹೊರಬರುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶಗಳು ಅದನ್ನು ಬಳಸಲಾರವು. ಅದಕ್ಕೇ ರಕ್ತ ಅಚ್ಚ ಕೆಂಪಗೆ ಹೊಳೆಯುತ್ತದೆ. ಆದರೆ ಇದು ಆವಿಯಾಗಿ ಹಾರಿಹೋಗುವ ವಿಷ. ಪಿತ್ತಜನಕಾಂಗದ ತುಂಡನ್ನು ಸತ್ತ 4 ಗಂಟೆಯೊಳಗೆ, ಮಾಂಸಖಂಡವನ್ನು 20 ಗಂಟೆಯೊಳಗೆ ತೆಗೆಯಬೇಕು. ಗಾಳಿಯಾಡದ ಡಬ್ಬಿಗೆ ಹಾಕಿ ಗಟ್ಟಿ ಮಂಜಾಗಿಸಿ ಕಳಿಸಬೇಕು. ನಿಮ್ಮಲ್ಲಿ ಇದೇ ತಪ್ಪಿರಬಹುದು. ಹೊಟ್ಟೆಯಲ್ಲಿ ಸಿಕ್ಕ ಎಲೆಯ ಚೂರು, ರಕ್ತದ ಬಣ್ಣ ಪೋಸ್ಟ್‌ಮಾರ್ಟಂ ವರದಿಯಲ್ಲಿ ದಾಖಲಾಗಿದ್ದರೆ ವಿಮೆಯವರಿಗೆ ಅದನ್ನೂ ಕೊಡಿ. ಅದೂ ಸಾಕ್ಷಿಯೇ.

ಪ್ರಶ್ನೆ (ಅವರೇ): ಮುಂದೆ ಹೀಗಾದ್ರೆ? ಇಲ್ಲಿ ಬೆಲ್ಲದ ನೀರು ಕುಡಿಸಿ ಅಂತಾರೆ.

ಉತ್ತರ: ಉಸಿರು ಕಟ್ಟುತ್ತಿರುವ ದನಕ್ಕೆ ಏನನ್ನೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಫೋನ್ ಮಾಡಿ. ಏನು ತಿಂದಿತು ಅನ್ನೋದನ್ನು ತಪ್ಪದೆ ಹೇಳಿ, ಏಕೆಂದರೆ ನಮಗೆ ಕಷ್ಟ ಇಲ್ಲೇ. ಸೈನೈಡ್ ವಿಷಕ್ಕೆ ನಾವು ನರಕ್ಕೆ ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಕೊಡುತ್ತೇವೆ. ಎರಡನೆಯದು ಸೈನೈಡನ್ನು ಮೂತ್ರದಲ್ಲಿ ಹೋಗುವ ಹಾಗೆ ಬದಲಿಸುತ್ತದೆ. ಆದರೆ ನೈಟ್ರೇಟ್ ಹೆಚ್ಚಾದ ಮೇವು ತಿಂದ ದನವೂ ಹೀಗೇ ಏದುಸಿರು ಬಿಡುತ್ತದೆ. ಅದರ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ನೈಟ್ರೈಟ್ ಅದನ್ನೇ ಇನ್ನೂ ಹೆಚ್ಚಿಸುತ್ತದೆ, ಕೊಟ್ಟರೆ ನಾವೇ ಕೊಂದಂತೆ. ಅಲ್ಲಿ ಬೇಕಾಗಿರೋದು ಮೆಥಿಲೀನ್ ಬ್ಲೂ ಅನ್ನೋ ಬೇರೆ ಔಷಧ. ನಾವು ಅರ್ಧ ದಾರಿಯಲ್ಲಿ ಇರುವಾಗಲೇ ದನ ಹೋಗಿರುವುದೂ ಉಂಟು. ನಿಮ್ಮ ಹತ್ತಿರದ ಪಶು ಆಸ್ಪತ್ರೆಯಲ್ಲಿ ಥಯೋಸಲ್ಫೇಟ್ ಇದೆಯಾ ಅಂತ ಈಗಲೇ ಕೇಳಿಡಿ.

ಪ್ರಶ್ನೆ (ಶಿಕಾರಿಪುರದಿಂದ): ಸರ್, ಜೋಳದ ಕೂಳೆ (ಕೊಯ್ದ ಬುಡದಿಂದ ಮತ್ತೆ ಬರುವ) ಚಿಗುರಲ್ಲೂ ಇದೇ ವಿಷವಾ?

ಉತ್ತರ: ಹೌದು. ಮಳೆ ಕೈಕೊಟ್ಟು ಬಾಡಿದ ಪೈರು, ಮತ್ತೆ ಮಳೆಗೆ ಬಂದ ಎಳೆ ಚಿಗುರು ಜಾಸ್ತಿ ಅಪಾಯ. ಹೂ ಬಿಡುವ ಹಂತಕ್ಕೆ ಬಂದ ಮೇಲೆ ಕೊಯ್ದು ಹಾಕಿ. ಅಲ್ಲಿವರೆಗೆ ದನ ಬಿಡಬೇಡಿ.